ಎರಡು ಸಲ ಓಡಿದ ರೀಲು

ನಮ್ಮ ಮನೆಯಲ್ಲಿ ನನಗೊಂದು ಕೆಲಸವಿತ್ತು, ಮಾತು ಒಯ್ಯುವುದು. ಅವ್ವ ಅಡುಗೆಮನೆಯಲ್ಲಿ ಅಂದದ್ದನ್ನು ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಕುಳಿತ ಅಪ್ಪನಿಗೆ ಮುಟ್ಟಿಸಬೇಕು, ಅಪ್ಪ ಅಂದದ್ದನ್ನು ಅವ್ವನಿಗೆ ತರಬೇಕು. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಅವರು ಒಬ್ಬರಿಗೊಬ್ಬರು ಮಾತು ಬಿಟ್ಟರು. ನನಗೆ ಮೂವತ್ತು ದಾಟಿದಾಗಲೂ ನಾನು ಅದೇ ಕೆಲಸದಲ್ಲಿದ್ದೆ.

"ನಿಮ್ಮಪ್ಪಗ ಹೇಳಬೇ, ರೊಟ್ಟಿ ಆರಾಕತ್ತಾವಂತ."

"ಯಪ್ಪಾ, ರೊಟ್ಟಿ ಆರಾಕತ್ತಾವಂತ."

"ಬಂದೆ ಅಂತ ಹೇಳು ನಿಮ್ಮವ್ವಗ."

ಅವ್ವನಿಗೆ ಅಷ್ಟರಲ್ಲಿ ಎಲ್ಲ ಕೇಳಿಸಿರುತ್ತಿತ್ತು. ಆದರೂ ನಾನು ಒಳಗೆ ಹೋಗಿ, "ಬಂದನಂತ" ಎಂದು ಹೇಳುವವರೆಗೆ ಅವಳು ತಾಟಿಗೆ ಕೈ ಹಾಕುತ್ತಿರಲಿಲ್ಲ. ಜಗಳ ಯಾಕೆ ಬಂತೆಂದು ಸೋದರತ್ತೆಯನ್ನು ಕೇಳಿದರೆ, ಅವ್ವನ ತವರಿನಿಂದ ಬಂದ ಆಕಳನ್ನು ಅಪ್ಪ ಹೇಳದೆ ಕೇಳದೆ ಯಾರಿಗೋ ಕೊಟ್ಟುಬಿಟ್ಟನೆಂದು ಹೇಳಿದಳು. ಅವ್ವನನ್ನು ಕೇಳಿದರೆ, "ನಿನಗ್ಯಾಕ ಬೇಕದು" ಎಂದಳು. ಒಂದು ಆಕಳಿಗೆ ಇಪ್ಪತ್ತು ವರ್ಷದ ಮೌನವೇ ಎಂದು ನನಗೆ ಮೈ ಉರಿಯುತ್ತಿತ್ತು. ಅಪ್ಪನಿಗೆ ಜ್ವರ ಬಂದರೆ ಅವ್ವ ಮೂರು ಸಲ ಗಂಜಿ ಕಾಸುತ್ತಿದ್ದಳು, ಅದನ್ನು ಒಯ್ದು ಕೊಡುವವಳು ಮಾತ್ರ ನಾನು.

ಅಪ್ಪ ಮಸ್ಕಿಯ ಬಜಾರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ ಸದಾ ಜೋಳದ ಹಿಟ್ಟು. ಗಿರಣಿಯ ಸದ್ದಿಗೆ ಕಿವಿಯೂ ಮಂದವಾಗಿತ್ತು. ಹಾಗಾಗಿ ಅವ್ವ ಮೆಲ್ಲಗೆ ಹೇಳಿದ್ದನ್ನೂ ನಾನು ಕೂಗಿ ಹೇಳಬೇಕು. ಮೊದಲ ಸಲ ಅವನಿಗೆ ಎಂದೂ ಕೇಳುತ್ತಿರಲಿಲ್ಲ. ಬಲಗೈಯನ್ನು ಕಿವಿಯ ಹಿಂದೆ ಹಿಡಿದು, ಮೈ ಬಗ್ಗಿಸಿ, "ಆಂ? ಏನಂದಿ?" ಎನ್ನುತ್ತಿದ್ದ. ಎರಡನೆಯ ಸಲ ಕೂಗಿದರೆ ಕೇಳುತ್ತಿತ್ತು. ನಮ್ಮ ಮನೆಯ ರೊಟ್ಟಿ ಆರುವುದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ನಾನು ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟ್. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಹಗಲೆಲ್ಲ ಯಾರೋ ಬರೆದದ್ದನ್ನು ಬಡಿಯುವುದು, ಸಂಜೆ ಯಾರೋ ಅಂದದ್ದನ್ನು ಒಯ್ಯುವುದು. ನೋಡಲು ಬಂದ ಗಂಡುಗಳಿಗೆ ನಾನು ಒಂದಲ್ಲ ಒಂದು ನೆಪ ಹೇಳಿದೆ. ನಾನು ಹೋದರೆ ಈ ಮನೆಯಲ್ಲಿ ಅನ್ನ ನೀರಿನ ಮಾತೂ ನಿಂತುಹೋಗುತ್ತದೆ ಎಂಬುದು ನಿಜವಾದ ಕಾರಣ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳೋಣವೆಂದರೂ ಮನೆಯಲ್ಲಿ ನನ್ನ ಮಾತು ಕೇಳಲು ಬಿಡುವಿದ್ದವರು ಯಾರೂ ಇರಲಿಲ್ಲ. ಬಹಳ ಒಂಟಿಯಾಗಿದ್ದೆ, ಅಷ್ಟೇ. ಅದಕ್ಕೆ ಬೇರೆ ಹೆಸರು ಬೇಡ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮುದಗಲ್ಲಿನ ಒಬ್ಬ ನಿವೃತ್ತ ಓವರ್‌ಸಿಯರ್ ತಮ್ಮ ಪಿಂಚಣಿಯ ಅರ್ಜಿಗಳಿಗಾಗಿ ನಮ್ಮ ಕಚೇರಿಗೆ ಅಲೆಯುತ್ತಿದ್ದರು. ಪ್ರತಿ ಸಲವೂ ನಾನೇ ಟೈಪು ಮಾಡಿಕೊಡುತ್ತಿದ್ದೆ. ಒಂದು ದಿನ ಅವರು ಚರ್ಮದ ಚೀಲವೊಂದನ್ನೂ ತಗಡಿನ ಪೆಟ್ಟಿಗೆಯೊಂದನ್ನೂ ನನ್ನ ಮೇಜಿನ ಮೇಲಿಟ್ಟರು. ಚೀಲದಲ್ಲಿ ಅಂಗೈ ಮೇಲೆ ಕೂರುವಂಥ, ಆದರೆ ಕಲ್ಲಿನಷ್ಟು ಭಾರದ, ಮನೆಮಂದಿಯ ಸಿನಿಮಾ ತೆಗೆಯುವ ಹಳೆಯ ಕ್ಯಾಮೆರಾ. ಪೆಟ್ಟಿಗೆಯಲ್ಲಿ ಅದರ ಪ್ರೊಜೆಕ್ಟರು.

"ತಂಗೀ, ನನಗ ಕಣ್ಣು ಕಾಣವಲ್ದು. ಸುಮ್ನ ತುಕ್ಕು ಹಿಡಿತೈತಿ. ನೀ ಒಯ್ಯಿ."

"ನನಗೇನ್ ಬರ್ತೈತ್ರೀ ಇದು?"

"ಟೈಪು ಹೊಡಿಯಾಕ ಬರ್ತೈತಿ, ಇದು ಬರಂಗಿಲ್ಲೇನು?"

ಅವರು ಮೂರು ಪಾಠ ಹೇಳಿದರು. ಇದಕ್ಕೆ ಕರೆಂಟು ಬೇಡ, ಗಡಿಯಾರದ ಹಾಗೆ ಚಾವಿ ತಿರುಗಿಸಬೇಕು. ಒಂದು ಚಾವಿಗೆ ಅರ್ಧ ನಿಮಿಷ ಓಡುತ್ತದೆ. ನಮ್ಮ ಕಡೆಯ ಬಿಸಿಲು ಕೆಟ್ಟದ್ದು, ಬೆಳಕು ಒಳಗೆ ಬಿಡುವ ಕಿಂಡಿಯನ್ನು ಸಣ್ಣದು ಮಾಡಬೇಕು. ಮೂರನೆಯದನ್ನು ಹೇಳುವಷ್ಟರಲ್ಲಿ ಮುದಗಲ್ ಬಸ್ಸಿನ ಹೊತ್ತಾಗಿ, ಅವರು ಎದ್ದು ನಿಂತಿದ್ದರು.

"ಒಂದು ರೀಲನ್ನ ಎರಡು ಸಲ ಓಡಿಸ್ಬೇಕು. ಮರೀಬ್ಯಾಡ ಮತ್ತ."

ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ರೀಲು ಇನ್ನೂ ಸಿಕ್ಕಿರಲಿಲ್ಲ. ಎರಡು ತಿಂಗಳು ಖಾಲಿ ಕ್ಯಾಮೆರಾದಲ್ಲೇ ಅಭ್ಯಾಸ ಮಾಡಿದೆ. ಬಸ್ಸಿನ ಕಿಟಕಿಯಿಂದ ಎರೆಹೊಲ, ಜೋಳ, ಕುರಿ ಹಿಂಡು, ಮಸ್ಕಿ ಹತ್ತಿರವಾದಾಗ ಗುಡ್ಡ, ಎಲ್ಲವನ್ನೂ ಕ್ಯಾಮೆರಾದ ಗಾಜಿನಲ್ಲಿ ನೋಡಿ ಗುಂಡಿ ಒತ್ತುತ್ತಿದ್ದೆ. ಅದು ಗರ್ ಎಂದು ಓಡುತ್ತಿತ್ತು, ಒಳಗೆ ಏನೂ ಉಳಿಯುತ್ತಿರಲಿಲ್ಲ. ಒಮ್ಮೆ ಸಂತೆಕಲ್ಲೂರಿನ ರೈತನೊಬ್ಬ ರುಮಾಲು ಸರಿಮಾಡಿಕೊಂಡು, ಮೀಸೆ ತೀಡಿ, "ತೆಗೀರಿ ಈಗ" ಎಂದು ಉಸಿರು ಬಿಗಿಹಿಡಿದು ಕುಳಿತ. ಖಾಲಿ ಐತ್ರಿ ಎಂದು ಹೇಳಲು ಬಾಯಿ ಬರಲಿಲ್ಲ. ಚಾವಿ ಮುಗಿಯುವವರೆಗೂ ತೆಗೆದೆ. ಯಾರದೋ ಮಾತಿನ ಹೊರೆಯಿಲ್ಲದೆ ನಾನು ನನಗಾಗಿ ಏನನ್ನಾದರೂ ನೋಡಿದ್ದು ಆ ದಿನಗಳಲ್ಲೇ ಮೊದಲು.

ಅವ್ವ ಮಾತ್ರ ಅದರ ಸದ್ದು ಕೇಳಿ, "ಮನ್ಯಾಗೂ ಒಂದು ಗಿರಣಿ ತಂದಿ ಏನ" ಎಂದಳು.

ಸಿಂಧನೂರಿನಲ್ಲಿ ಮದುವೆ ಫೋಟೋ ತೆಗೆಯುವ ಸ್ಟುಡಿಯೋದವನೊಬ್ಬನಿದ್ದ. ಭತ್ತದ ಸೀಮೆಯ ಮದುವೆಗಳಿಗೆ ಆಗಲೇ ವಿಡಿಯೋ ಬಂದಿತ್ತು. ನನ್ನ ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸಿ ನೋಡಿ ನಕ್ಕ.

"ಅಕ್ಕಾರ, ಮಂದಿ ವಿಡಿಯೋ ಅನ್ನಾಕತ್ತಾರ. ನೀವು ಮುತ್ತ್ಯಾನ ಕಾಲದ್ದು ಹಿಡ್ಕೊಂಡು ಬಂದೀರಿ."

"ರೀಲು ತರಿಸಾಕ ಆಗ್ತೈತೋ ಇಲ್ಲೋ, ಅಷ್ಟು ಹೇಳು."

ತರಿಸಿಕೊಟ್ಟ. ಮುಂಬಯಿಯಿಂದ ಒಂದೇ ಒಂದು ಕಪ್ಪು ಬಿಳುಪಿನ ರೀಲು, ಎಲ್ಲ ಸೇರಿ ನಾಲ್ಕು ನಿಮಿಷದ್ದು. ತೊಳೆಯಲೂ ಮುಂಬಯಿಗೇ ಕಳಿಸಬೇಕು. ಇಂಥ ರೀಲು ಇನ್ನು ಮುಂದೆ ಸಿಗುವುದು ಕಷ್ಟವೆಂದೂ ಹೇಳಿದ.

ನಾಲ್ಕು ನಿಮಿಷದಲ್ಲಿ ಏನು ತೆಗೆಯಬೇಕೆಂದು ನನಗೆ ಮೊದಲೇ ಗೊತ್ತಿತ್ತು. ಅಪ್ಪ ಅವ್ವ ಇಬ್ಬರೂ ಕೂಡಿ ಇರುವ ಒಂದು ಫೋಟೋ ನಮ್ಮ ಮನೆಯಲ್ಲಿರಲಿಲ್ಲ. ಮದುವೆಯದೂ ಇರಲಿಲ್ಲ. ಅವರನ್ನು ಒಟ್ಟಿಗೆ ಒಂದು ಕಡೆ ಕುಳ್ಳಿರಿಸಿ ನೋಡಬೇಕು, ನನಗೆ ಬೇಕಾಗಿದ್ದದ್ದು ಅದೊಂದೇ.

ದೀಪಾವಳಿ ಮುಗಿದ ಒಂದು ಭಾನುವಾರ ಬೆಳಿಗ್ಗೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕ್ಯಾಮೆರಾ ಇಟ್ಟೆ, ಕೈ ನಡುಗಬಾರದೆಂದು. ಎದುರಿಗೆ ಬೇವಿನ ಗಿಡದ ಕೆಳಗೆ ಅಪ್ಪನ ಹೊರಸು. ಅಪ್ಪ ನಡುವೆ ಕುಳಿತ. ಒಳಗೆ ಹೋಗಿ ಅವ್ವನನ್ನು ಕರೆದೆ.

"ಅವನ ಬಾಜೂಕ ನಾ ಕುಂದ್ರಾಂಗಿಲ್ಲ."

"ನಾಕು ನಿಮಿಷ ಬೇ."

"ನಾಕು ನಿಮಿಷ ಇಲ್ಲ, ನಾಕು ಜನ್ಮ ಆದ್ರೂ ಇಲ್ಲ. ಹೋಗು, ಹಾಲು ಉಕ್ಕತಾವ."

ಸಿಟ್ಟಿನಿಂದ ಹೊರಗೆ ಬಂದೆ. ಸರಿ, ಒಂದೇ ಹೊರಸಿನ ಮೇಲೆ ಆಗದಿದ್ದರೆ ಒಂದೇ ರೀಲಿನಲ್ಲಾದರೂ ಇರಲಿ. ಅರ್ಧ ರೀಲು ಅಪ್ಪನದು, ಉಳಿದರ್ಧ ಅವ್ವನದು, ಒಬ್ಬರ ಹಿಂದೆ ಒಬ್ಬರು ಬರಲಿ ಎಂದುಕೊಂಡೆ. ಚಾವಿ ತಿರುಗಿಸಿ ಗುಂಡಿ ಒತ್ತಿದೆ. ಅಪ್ಪ ಸ್ಟುಡಿಯೋದಲ್ಲಿ ಕುಳಿತವನಂತೆ ರೆಪ್ಪೆಯನ್ನೂ ಬಡಿಯದೆ ಕುಳಿತ. ಏನಾದರೂ ಮಾಡೆಂದು ಕೈಸನ್ನೆ ಮಾಡಿದೆ. ಹೆಗಲ ಟವೆಲ್ಲು ತೆಗೆದು ಝಾಡಿಸಿದ. ಹಿಟ್ಟು ಹಾರಿತು, ಅವನಿಗೇ ನಗು ಬಂತು. ಅಷ್ಟರಲ್ಲಿ ಟೊಂಗೆಯ ನೆರಳು ಅವನ ಮುಖದ ಮೇಲೆ ಬಿದ್ದದ್ದು ಕಂಡಿತು.

"ಯಪ್ಪಾ, ಜರಾ ಆ ಕಡೆ ಸರಕೋ."

ಅಪ್ಪ ಕಿವಿಗೆ ಕೈ ಹಿಡಿದು ಬಗ್ಗಿದ. ಮತ್ತೊಮ್ಮೆ ಕೂಗಿದೆ. ಹೊರಸಿನ ಆ ತುದಿಗೆ ಸರಿದು ಕುಳಿತ. ಅಲ್ಲೇ ಕುಳಿತು ಗಿರಣಿಯ ಬೆಲ್ಟು ಹರಿದ ಕಥೆ ಏನೋ ಹೇಳಿದ. ನಾಲ್ಕು ಸಲ ಚಾವಿ ಕೊಡುವಷ್ಟರಲ್ಲಿ ರೀಲಿನ ಮೊದಲ ಓಟ ಮುಗಿಯಿತು.

ಈಗ ಮೂರನೆಯ ಪಾಠ. ರೀಲನ್ನು ಎರಡು ಸಲ ಓಡಿಸಬೇಕು. ಕ್ಯಾಮೆರಾದೊಳಗೆ ಎರಡು ಸ್ಪೂಲು, ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುವ ಪಟ್ಟಿ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ದಿನಾ ನನ್ನ ಟೈಪ್‌ರೈಟರಿನ ರಿಬ್ಬನ್ ಮಾಡುವುದು ಅದನ್ನೇ. ರಿಬ್ಬನ್ ಒಂದು ಕಡೆ ಮುಗಿದರೆ ವಾಪಸು ಸುತ್ತಿ ಮತ್ತೆ ಅದರ ಮೇಲೆಯೇ ಹೊಡೆಯುತ್ತೇವೆ. ಯಾರನ್ನೂ ಕೇಳಬೇಕೆನಿಸಲಿಲ್ಲ. ಕದ ಕಿಟಕಿ ಮುಚ್ಚಿ, ಎರಡು ಕೌದಿ ಹೊದ್ದು, ಬೆವರು ಸುರಿಸುತ್ತ ಕೈಯಿಂದಲೇ ಆ ರೀಲನ್ನು ಮೊದಲಿನ ಸ್ಪೂಲಿಗೆ ವಾಪಸು ಸುತ್ತಿದೆ. ಹತ್ತು ವರ್ಷ ಟೈಪು ಹೊಡೆದ ಕೈ, ಒಂದು ಗೀರೂ ಬೀಳದಂತೆ ನೀಟಾಗಿ ಸುತ್ತಿತು. ಡಬ್ಬಿಗೆ ಹಾಕಿ ಟ್ರಂಕಿನಲ್ಲಿಟ್ಟೆ.

ಅವ್ವ ಆ ತಿಂಗಳೂ ಒಪ್ಪಲಿಲ್ಲ, ಮುಂದಿನ ತಿಂಗಳೂ ಒಪ್ಪಲಿಲ್ಲ. ನಾನೂ ಹಟಕ್ಕೆ ಬಿದ್ದೆ. ಅರ್ಧ ರೀಲನ್ನೇ ತೊಳೆಯಲು ಕಳಿಸಿದ್ದರೆ ಆಗುತ್ತಿತ್ತು. ಕಳಿಸಲಿಲ್ಲ. ಯುಗಾದಿಯ ಮುಂದಿನ ವಾರ, ಮಧ್ಯಾಹ್ನ, ಗಿರಣಿಯಲ್ಲಿ ಅಪ್ಪನಿಗೆ ಎದೆ ನೋವು ಬಂತು. ನನಗೆ ಲಿಂಗಸುಗೂರಿಗೆ ಸುದ್ದಿ ಮುಟ್ಟಿ, ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಬ್ಬಿನ ಹಿಟ್ಟು ಹಾಗೇ ಇತ್ತು. ಅವ್ವ ತನ್ನ ಸೆರಗಿನಿಂದ ಅದನ್ನು ಒರೆಸಿದಳು. ಆಗಲೂ ಅವನಿಗೆ ಏನೂ ಹೇಳಲಿಲ್ಲ.

ಆಮೇಲೆ ಮನೆಯಲ್ಲಿ ನನಗೆ ಕೆಲಸವೇ ಇಲ್ಲದಂತಾಯಿತು. ಅಡುಗೆಮನೆಯಿಂದ ಅಂಗಳಕ್ಕೆ ಒಯ್ಯಲು ಒಂದು ಮಾತೂ ಇರಲಿಲ್ಲ. ನಾನು ಶಪಿಸಿಕೊಂಡೇ ಮಾಡಿದ ಕೆಲಸ, ಅದು ಹೋದ ಮೇಲೆ ಸಂಜೆ ಕೈಕಾಲು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಅವ್ವನೂ ನಾನೂ ಎದುರೆದುರು ಕುಳಿತು ಉಣ್ಣುತ್ತಿದ್ದೆವು. ನಮ್ಮಿಬ್ಬರಿಗೆ ನಮ್ಮದೇ ಮಾತೆಂಬುದು ರೂಢಿಯಿರಲಿಲ್ಲ. ಅಪ್ಪನದು ಗಿರಣಿಯ ಲೈಸೆನ್ಸ್ ಕಾರ್ಡಿಗೆಂದು ತೆಗೆಸಿದ ಒಂದು ಸಣ್ಣ ಫೋಟೋ ಇತ್ತು. ಅದರಲ್ಲಿ ಅವನು ಯಾರೋ ಬೈದು ಕುಳ್ಳಿರಿಸಿದವನಂತಿದ್ದ. ಟವೆಲ್ಲು ಝಾಡಿಸುವ ಅಪ್ಪ, ನಗುವ ಅಪ್ಪ, ಕಿವಿಗೆ ಕೈ ಹಿಡಿಯುವ ಅಪ್ಪ ಇದ್ದದ್ದು ಟ್ರಂಕಿನ ಡಬ್ಬಿಯಲ್ಲಿ ಮಾತ್ರ.

ನಾಗರ ಪಂಚಮಿ ಹತ್ತಿರ ಬಂದಾಗ ಒಂದು ದಿನ ಅವ್ವ ತಾನಾಗಿ ಕೇಳಿದಳು.

"ಆ ರೀಲು ಏನ ಮಾಡಿದಿ?"

"ಅರ್ಧ ಖಾಲಿ ಐತಿ. ನೀ ಕುಂತ್ರ ಮುಗೀತೈತಿ, ಕಳಸ್ತೀನಿ."

"ನಾ ಕುಂದ್ರದಿದ್ರ?"

"ಕಳಸಂಗಿಲ್ಲ. ಅಲ್ಲೇ ಇರ್ಲಿ."

ಎಂಥ ಕಲ್ಲುಮನಸ್ಸಿನ ಮಾತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವ್ವ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಅದೇ ತೊಟ್ಟಿಯ ಕಟ್ಟೆ, ಅದೇ ಬೇವಿನ ಗಿಡ, ಅದೇ ಹೊರಸು. ಈ ಸಲವೂ ಬಿಸಿಲಿಗೆ ಹೆದರಿ ಕಿಂಡಿಯನ್ನು ಸಣ್ಣದು ಮಾಡಿದೆ. ಅವ್ವ ಬಾಗಿಲಿಂದ ನಡೆದು ಬಂದು, ಹೊರಸಿನ ಮೇಲೆ ಅಂಗೈ ಸವರಿ, ನಡುವೆ ಕುಳಿತಳು. ಸೆರಗು ಎಳೆದುಕೊಂಡಳು. "ಆತೇನು?" ಎಂದಳು. ಆಗಿಲ್ಲ ಎಂದೆ. ಆಮೇಲೆ ಅವಳು ಅಂಗಳದ ಕಸದ ಬಗ್ಗೆ, ಬೇವಿನ ಹಣ್ಣಿನ ಬಗ್ಗೆ ಏನೇನೋ ಹೇಳುತ್ತ ಕುಳಿತಳು. ನನ್ನ ಜೊತೆ ಅಷ್ಟು ಹೊತ್ತು ಅವಳು ಮಾತನಾಡಿದ್ದು ಅದೇ ಮೊದಲಿರಬೇಕು.

ಸಿಂಧನೂರಿಗೆ ಹೋಗಿ ರೀಲು ಕೊಟ್ಟು ಬಂದೆ. ಏಳು ವಾರವಾದ ಮೇಲೆ ಬಂತು. ಅವ್ವ ಪಕ್ಕದ ಓಣಿಗೆ ಹೋಗಿದ್ದ ಮಧ್ಯಾಹ್ನ ನೋಡಿ, ಪಡಸಾಲೆಯ ಕದ ಹಾಕಿ, ಕಿಟಕಿಗೆ ಕೌದಿ ಕಟ್ಟಿ, ಸುಣ್ಣದ ಗೋಡೆಯ ಮೇಲೆ ಪ್ರೊಜೆಕ್ಟರು ಬಿಟ್ಟೆ.

ಅಪ್ಪ ಬಂದ. ಆದರೆ ಅವನ ಎದೆಯ ಮೂಲಕ ಬಾಗಿಲು ಕಾಣುತ್ತಿತ್ತು. ಆ ಬಾಗಿಲಿಂದ ಅವ್ವ ನಡೆದು ಬಂದಳು. ನಡೆದು ಬಂದವಳು ಅಪ್ಪನ ಮೇಲೆಯೇ ಕುಳಿತಳು. ಇಬ್ಬರ ಮುಖವೂ ಒಂದರೊಳಗೊಂದು ಸೇರಿ, ಅವ್ವನ ಹಣೆಯ ಮೇಲೆ ಅಪ್ಪನ ಹುಬ್ಬು ಬಂತು. ನನಗೆ ನೋಡಲಾಗಲಿಲ್ಲ. ಆರಿಸಿಬಿಟ್ಟೆ.

ಮರುದಿನವೇ ಸಿಂಧನೂರಿಗೆ ಓಡಿದೆ. ಸ್ಟುಡಿಯೋದವನು ರೀಲನ್ನು ಬೆಳಕಿಗೆ ಹಿಡಿದು ನೋಡಿದ.

"ಅಕ್ಕಾರ, ವಾಪಸ್ ಸುತ್ತಿದ್ರೇನು?"

"ಎರಡು ಸಲ ಓಡಿಸ್ಬೇಕು ಅಂದಿದ್ರು."

"ಓಡಿಸ್ಬೇಕು ಖರೆ. ಈ ಪಟ್ಟಿ ಡಬಲ್ ಅಗಲ ಇರ್ತೈತಿ. ಮೊದಲ್ನೇ ಸಲ ಒಂದು ಅಂಚಿನ್ಯಾಗ ಚಿತ್ರ ಬೀಳ್ತೈತಿ. ಆಮ್ಯಾಲೆ ತುಂಬಿದ ಸ್ಪೂಲನ್ನ ಹಂಗೇ ತಗದು, ಮಗ್ಗಲ ತಿರುವಿ, ಖಾಲಿ ಸ್ಪೂಲಿನ ಜಾಗಾಕ ಇಟ್ರ, ಇನ್ನೊಂದು ಅಂಚು ಬರ್ತೈತಿ. ನೀವು ವಾಪಸ್ ಸುತ್ತಿ ಮೊದಲಿನ ಅಂಚಿನ ಮ್ಯಾಲೇ ಮತ್ತ ತಗದೀರಿ. ತೊಳದ ಮ್ಯಾಲೆ ಎರಡೂ ಅಂಚು ಸೀಳಿ ಒಂದರ ಹಿಂದ ಒಂದು ಜೋಡಸ್ತಾರ, ಈ ಹಿಂದಿನರ್ಧ ನೋಡ್ರಿ, ಪೂರಾ ಕಪ್ಪು."

ಅವನೇ ಸಮಾಧಾನಕ್ಕೆಂಬಂತೆ ಇನ್ನೊಂದು ಹೇಳಿದ. ನಾನು ಎರಡೂ ಸಲ ಕಿಂಡಿಯನ್ನು ಬೇಕಾದ್ದಕ್ಕಿಂತ ಸಣ್ಣದು ಮಾಡಿದ್ದೆನಂತೆ. ಬೇರೆ ಬೇರೆ ತೆಗೆದಿದ್ದರೆ ಎರಡೂ ಮಸಿ ಬಳಿದಂತಾಗುತ್ತಿದ್ದವು. ಒಂದರ ಮೇಲೊಂದು ಬಿದ್ದಿದ್ದರಿಂದ ಇಷ್ಟಾದರೂ ಕಾಣುತ್ತಿದೆಯಂತೆ. ನನ್ನ ಕಿವಿಗೆ ಅದು ಹೋಗಲಿಲ್ಲ. ಇನ್ನು ಜನ್ಮವಿಡೀ ಅಚ್ಚುಕಟ್ಟಾಗಿ ಬದುಕಿದರೂ ತೀರದಂಥ ತಪ್ಪು ಎನಿಸಿತು. ಬಸ್ಸಿನಲ್ಲಿ, ದಢೇಸುಗೂರಿನ ಕಡೆಯ ಹೆಂಗಸೊಬ್ಬಳು, "ಯಾಕ್ರೀ ತಂಗಿ, ಯಾರು ಹೋದ್ರು?" ಎಂದು ಕೇಳಿದಾಗಲೇ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು.

ಅವ್ವನಿಗೆ ಏನೆಂದು ಹೇಳಲಿ? ಅಪ್ಪನ ಮುಖ ಕೆಡಿಸಿದ್ದು ಒಂದು. ಅವಳು ನಾಕು ಜನ್ಮಕ್ಕೂ ಒಲ್ಲೆನೆಂದ ಜಾಗದಲ್ಲಿ, ಅವನ ಬಾಜೂಕೂ ಅಲ್ಲ, ಅವನ ಮೈಮೇಲೆಯೇ ಅವಳನ್ನು ಕುಳ್ಳಿರಿಸಿದ್ದು ಇನ್ನೊಂದು. ನಾನು ಬೇಕೆಂದೇ ಮಾಡಿದ್ದೇನೆ ಅಂದುಕೊಂಡರೆ ನನ್ನೊಡನೆಯೂ ಮಾತು ಬಿಡುತ್ತಾಳೆ. ಅವಳು ಬಿಟ್ಟಳೆಂದರೆ ಬಿಟ್ಟಳೇ. ಆಮೇಲೆ ನಮ್ಮಿಬ್ಬರ ನಡುವೆ ಮಾತು ಒಯ್ಯುವವರು ಯಾರು? ಡಬ್ಬಿಯನ್ನು ಸೀರೆಗಳ ಕೆಳಗೆ ಇಟ್ಟು, ರೀಲು ಇನ್ನೂ ಬಂದಿಲ್ಲವೆಂದೆ. ಅವಳು ದಿನಾ ಸಂಜೆ ನನ್ನ ಕೈಚೀಲವನ್ನು ಒಮ್ಮೆ ನೋಡಿ ಒಲೆಯ ಕಡೆ ತಿರುಗುತ್ತಿದ್ದಳು. ಮೂರು ವಾರ ತಡೆದೆ.

"ಯವ್ವಾ, ಬಂದೈತಿ. ಆದ್ರ ಕೆಟ್ಟೈತಿ. ನಾನೇ ಕೆಡಿಸೀನಿ."

"ಎಷ್ಟು ಕೆಟ್ಟೈತಿ?"

"ಪೂರಾ."

"ತೋರ್ಸು."

ಮತ್ತೆ ಒಂದು ಭಾನುವಾರದ ಮಧ್ಯಾಹ್ನ. ಕಿಟಕಿಗೆ ಕೌದಿ ಕಟ್ಟಿದೆ. ಅವ್ವ ಗೋಡೆಯ ಮುಂದೆ ಮಂಡಿ ಕಟ್ಟಿಕೊಂಡು ಕುಳಿತಳು. ನಾನು ಹಿಂದೆ, ಪ್ರೊಜೆಕ್ಟರಿನ ಬಳಿ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಅದೇ ಒಳ್ಳೆಯದೆನಿಸಿತು.

ಅಪ್ಪ ಬಂದ, ರೆಪ್ಪೆ ಬಡಿಯದೆ ಕುಳಿತ. ಬಾಗಿಲಿಂದ ಅವ್ವ ನಡೆದು ಬಂದಳು. ಹೊರಸನ್ನು ಸವರುವ ಅವಳ ಅಂಗೈ ಅಪ್ಪನ ತೊಡೆಯ ಮೇಲೆ ಹಾಯ್ದುಹೋಯಿತು. ಅವಳು ಕುಳಿತಳು. ಎರಡು ಮುಖ ಒಂದಾದವು. ಟವೆಲ್ಲು ಝಾಡಿಸಿದ ಹಿಟ್ಟು ಅವ್ವನ ಸೆರಗಿನ ಮೇಲೆಲ್ಲ ಹಾರಿತು. ಗೋಡೆಯ ಮೇಲಿನ ಅವ್ವ ಬಾಯಿ ತೆರೆದು "ಆತೇನು" ಎಂದಳು.

ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಅವಳು ಎದ್ದು ಹೋಗುವುದನ್ನೇ ಕಾಯುತ್ತಿದ್ದೆ. ಅವಳು ಏಳಲಿಲ್ಲ. ಕತ್ತು ತಿರುಗಿಸದೆ, ಇಪ್ಪತ್ತು ವರ್ಷ ಅಡುಗೆಮನೆಯಿಂದ ಹೇಳಿದ ಅದೇ ದನಿಯಲ್ಲಿ ಹೇಳಿದಳು.

"ಜರಾ ಸರಕೊಂಡು ಕುಂದ್ರಂತ ಹೇಳಬೇ, ನಿಮ್ಮಪ್ಪಗ."

ಗುಂಡಿಯಿಂದ ಬೆರಳು ತೆಗೆದು ಹೇಳಿದೆ.

"ಯಪ್ಪಾ, ಜರಾ ಸರಕೋಬೇಕಂತ."

ಗೋಡೆಯ ಮೇಲೆ ಅಪ್ಪ ಬಲಗೈಯನ್ನು ಕಿವಿಗೆ ಹಿಡಿದು ಬಗ್ಗಿದ.

"ಕೇಳಿಲ್ಲ ಅವಗ," ಅವ್ವ ಅಂದಳು. "ಜೋರಾಗಿ ಹೇಳು."

ಓಣಿಗೆಲ್ಲ ಕೇಳುವಂತೆ ಮತ್ತೊಮ್ಮೆ ಕೂಗಿದೆ. ಅಪ್ಪ ಹೊರಸಿನ ಆ ತುದಿಗೆ ಸರಿದು, ಅವ್ವನಿಗೆ ಜಾಗ ಮಾಡಿಕೊಟ್ಟ.